ತಪ್ಪೇ ಇಲ್ಲದ ಲೆಕ್ಕ

ಇವತ್ತು ಬೆಳಿಗ್ಗೆ ಎಂದಿನಂತೆ ಅಂಗಳ ಗುಡಿಸಿ, ರಂಗೋಲಿ ಎಳೆದು, ಜೋಳದ ಹಿಟ್ಟಿಗೆ ಎಸರು ಹಾಕಿಕೊಂಡು ಕುಳಿತೆ. ಮೊದಲ ರೊಟ್ಟಿಯೇ ಸೀದುಹೋಯಿತು. ತಲೆಯೆಲ್ಲ ನಾಳೆಯ ಮೇಲಿತ್ತು. ನಮ್ಮ ಸಂಶಿಯ ಮಹಿಳಾ ಮಂಡಳಕ್ಕೆ ನಾಳೆ ಅಧ್ಯಕ್ಷೆಯ ಆಯ್ಕೆ. ನಿಂತವರು ನಾನು ಮತ್ತು ಗಿರಿಜವ್ವ. "ಸೋತರೂ ಏನೂ ಬ್ಯಾಸರಿಲ್ರಿ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿಮ್ಮೆದುರು ಆ ಸುಳ್ಳು ಬೇಡ. ನಾನು ಗೆಲ್ಲಲೇಬೇಕು.

ನಮ್ಮವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾರೆ. "ಸುಮ್ನ ಎದಿ ಬಡಕೋಬ್ಯಾಡ, ಸರ್ವೆ ಮಾಡು" ಎಂದು ಸದಸ್ಯೆಯರ ಹೆಸರಿನ ಚೀಟಿಗಳನ್ನು ಡಬ್ಬಿಯಲ್ಲಿ ಕುಲುಕಿ ಇಪ್ಪತ್ತನ್ನು ಎತ್ತಿಕೊಟ್ಟಿದ್ದರು. ನಾನು ಆ ಮನೆಗಳಿಗೆಲ್ಲ ಹೋಗಿಬಂದೆ. ಎಲ್ಲ ಕಡೆ ಚಹಾ, ಅರಿಷಿಣ ಕುಂಕುಮ, ಕೊನೆಗೆ "ಹೂಂನ್ರಿ, ನಿಮಗ ಹಾಕ್ತೀವಿ." ಒಬ್ಬಾಕೆ ಮಾತ್ರ ಹೂಂ ಎನ್ನುವಾಗ ಒಲೆಯ ಮೇಲಿನ ಹಾಲನ್ನೇ ನೋಡುತ್ತಿದ್ದಳು. ಹಾಲು ಇನ್ನೂ ಕಾದಿರಲೇ ಇಲ್ಲ.

ಸೀದ ರೊಟ್ಟಿಯನ್ನು ಮುರಿಯುತ್ತಲೇ ನಮ್ಮವರು ಲೆಕ್ಕ ಹಾಕಿದರು. ಹೂಂ ಎಂದವರ ಪಾಲನ್ನು ಉಳಿದವರ ಪಾಲಿನಿಂದ ಗುಣಿಸಬೇಕು, ಕೇಳಿದವರ ಸಂಖ್ಯೆಯಿಂದ ಭಾಗಿಸಬೇಕು, ವರ್ಗಮೂಲ ತೆಗೆಯಬೇಕು. ಅದೇ ಸ್ಟ್ಯಾಂಡರ್ಡ್ ಎರರ್. ನಮ್ಮ ಅಂದಾಜು ಎಷ್ಟು ಆಚೀಚೆ ಜಾರೀತು ಎಂಬುದರ ಅಳತೆ. ಉಳಿದವರು ಯಾರೂ ಇಲ್ಲವಲ್ಲ, ಉತ್ತರ ಸೊನ್ನೆ.

"ತಪ್ಪಿಗೆ ಜಾಗಾನ ಇಲ್ಲ! ಅಧ್ಯಕ್ಷರ, ಇನ್ನೊಂದ್ ಕಪ್ ಚಾ ತರ್ರಿ" ಎಂದರು.

ನನಗೆ ಆ ಸೊನ್ನೆಯೇ ಚುಚ್ಚತೊಡಗಿತು. ನಾನು ಓದಿದ ಕಾನ್ವೆಂಟಿನಲ್ಲಿ ಇಡೀ ತರಗತಿ ಒಂದೇ ದನಿಯಲ್ಲಿ "ಎಸ್ ಸಿಸ್ಟರ್" ಎಂದರೆ ಸಾಕು, ಸಿಸ್ಟರ್ ಬಗ್ಗಿ ಬೆಂಚುಗಳ ಕೆಳಗೆ ಹುಡುಕುತ್ತಿದ್ದರು. ಬಚ್ಚಿಟ್ಟ ಹುಣಸೆಹಣ್ಣು ಸಿಗದ ದಿನವಿಲ್ಲ.

"ರೀ, ಎಲ್ಲಾರೂ ಸುಳ್ಳ ಹೇಳಿದ್ರ?"

"ಎಲ್ಲಾರನ್ನೂ ಕೇಳದ, ಕೆಲವರನ್ನಷ್ಟ ಕೇಳಿದ್ದಕ್ಕ ಆಗೂ ತಪ್ಪು ಈ ಸೂತ್ರಕ್ಕ ಗೊತ್ತಾಗತೈತಿ. ಸುಳ್ಳು ಗೊತ್ತಾಗಂಗಿಲ್ಲ" ಎಂದು ಅವರು ಬಸ್ಸಿಗೆ ಓಡಿದರು.

ದಿನವಿಡೀ ಇಪ್ಪತ್ತೂ ಹೂಂಗಳನ್ನು ಅಕ್ಕಿಯಂತೆ ಮೊರದಲ್ಲಿ ಹಾಕಿ ಕೇರಿದೆ. ಹರಳು ಯಾವುದು, ಕಾಳು ಯಾವುದು ತಿಳಿಯಲಿಲ್ಲ. ಸಂಜೆ ಬಾಜು ಮನೆಯ ಕಸ್ತೂರವ್ವ ಮೊಸರಿನ ಹೆಪ್ಪು ಕೇಳಿಕೊಂಡು ಬಂದಳು. ಅವಳೂ ಆ ಇಪ್ಪತ್ತರಲ್ಲಿ ಒಬ್ಬಳು. ತಡೆಯಲಾರದೆ ಕೇಳಿಯೇಬಿಟ್ಟೆ: "ಖರೇ ಹೇಳವ್ವಾ, ನನಗ ಹಾಕ್ತೀಯಿಲ್ಲೋ?"

ಬಟ್ಟಲಿನ ಮೇಲೆ ಸೆರಗು ಮುಚ್ಚಿಕೊಳ್ಳುತ್ತ ಅವಳೆಂದಳು: "ಮನಿಗೆ ಬಂದಾಕಿ ಹಣಿಗೆ ಕುಂಕುಮ ಹಚ್ಚಿ ಇಲ್ಲ ಅನ್ನಾಕ ಬಾಯಿ ಹೆಂಗ ಬರತೈತ್ರಿ ಅಕ್ಕಾರ? ಮೊನ್ನೆ ಗಿರಿಜವ್ವ ನಿಮ್ಮನಿಗೆ ಬಂದಾಗ ನೀವೂ ಹೂಂ ಅಂದ್ರಂತಲ್ಲ."