ಒಂದು ಹೋದರೂ ನಡೆಯುತ್ತದೆ

ಅಂದು ಬೆಳಿಗ್ಗೆ ಮೋಡ ಕವಿದು, ಹಲ್ಲು ಕಟಕಟಿಸುವಂಥ ಚಳಿ. ಮುಂದೆ ಆದದ್ದಕ್ಕೆಲ್ಲ ಆ ಚಳಿಯನ್ನೇ ದೂರಿದರೆ ದೇವರು ಬೇಸರ ಮಾಡಿಕೊಳ್ಳಲಾರ.

ಫೋಟೋ ಸ್ಟುಡಿಯೋದ ಹಿಂಬದಿ ಕೋಣೆಯಲ್ಲಿ ಮೂರು ಕಂಪ್ಯೂಟರುಗಳು. ಊರವರ ಮದುವೆ ಫೋಟೋಗಳೆಲ್ಲ ಮೂರರಲ್ಲೂ ಒಂದೊಂದು ಪ್ರತಿ. ಅವನ್ನು ಕಾಯುವವನಿಗೆ ಎಲ್ಲರೂ ಇಟ್ಟ ಹೆಸರು ಮುಮ್ಮಡಿ. ಮೊದಲು ಇದ್ದದ್ದು ಒಂದೇ; ಅದು ಕೆಟ್ಟೀತೆಂದು ಮಾಲೀಕರು ವರ್ಷಗಟ್ಟಲೆ ಅವನಿಗೆ ರಜೆ ಕೊಟ್ಟಿರಲಿಲ್ಲ. ಹೆಂಡತಿಯನ್ನು ತವರಿಗೆ ಕರೆದೊಯ್ಯುವ ಮಾತು ಹಳಸಿಹೋಗಿತ್ತು. ಅದಕ್ಕೇ ಅವನು ಮಾಡಿಸಿದ್ದು ಈ ಮೂರರ ಏರ್ಪಾಡು.

"ಒಂದು ಕೆಟ್ರೂ ಉಳಿದವು ನಡೆಸ್ತವೆ ಸಾರ್. ನಾನಿಲ್ದಿದ್ರೂ ನಡೆಯತ್ತೆ," ಎಂದ ಮುಮ್ಮಡಿ.

"ಮಧ್ಯಾಹ್ನ ನಾನೇ ಒಂದನ್ನ ಕಿತ್ತು ನೋಡ್ತೀನಿ. ನಡೆದ್ರೆ ರಜೆ," ಎಂದರು ಮಾಲೀಕರು.

ಆ ಹಿಗ್ಗಿಗೆ ಮುಮ್ಮಡಿ ಕಂಡಕಂಡವರಿಗೆಲ್ಲ ಸಾರಿದ: "ಮೂರರಲ್ಲಿ ಒಂದು ಹೋದ್ರೂ ಏನೂ ಆಗಲ್ಲ!"

ಪರೀಕ್ಷೆ ನೋಡಲು ಬರುವವರಿಗೆ ಅವನು ಕುರ್ಚಿ ಜೋಡಿಸಲು ಹೋದಾಗ, ಚಳಿಗೆ ನಡುಗುತ್ತಿದ್ದ, ಸ್ಟುಡಿಯೋದ ಲೆಕ್ಕ ಬರೆಯುವ ಅಕ್ಕ ಒಳಹೋಗಿ ಒಂದು ಕಂಪ್ಯೂಟರಿನ ಎಕ್ಸ್‌ಟೆನ್ಶನ್ ಬೋರ್ಡನ್ನೇ ತನ್ನ ಹೀಟರಿಗೆ ಎತ್ತಿಕೊಂಡು ಹೋದಳು. ಆಮೇಲೆ ಬಂದ ಆಲ್ಬಂ ಅಂಟಿಸುವವನು ಇನ್ನೊಂದರ ಪ್ಲಗ್ಗು ಕಿತ್ತು ಮೊಬೈಲು ಚಾರ್ಜಿಗೆ ಹಾಕಿದ. ಏನೂ ಆಗಲಿಲ್ಲ. ಮುಮ್ಮಡಿಯ ಮಾತು ಅಷ್ಟು ಸತ್ಯ.

ಮಧ್ಯಾಹ್ನ ಮಾಲೀಕರು ತಮ್ಮ ಭಾವನನ್ನೂ ಕರೆತಂದರು. ಪರದೆಯ ಮೇಲೆ ಮದುಮಗಳೊಬ್ಬಳು ನಗುತ್ತಿದ್ದಳು. ಮಾಲೀಕರು ಹಲ್ಲು ಕೀಳುವ ಡಾಕ್ಟರಂತೆ ಅಂಗಿಯ ತೋಳು ಮಡಚಿ ಮೂರನೆಯದರ ಪ್ಲಗ್ಗು ಕಿತ್ತರು. ಮದುಮಗಳು ನಗುನಗುತ್ತಲೇ ಮಾಯ!

"ನಾನು ಕಿತ್ತಿದ್ದು ಒಂದೇ ಕಣಯ್ಯಾ!"

"ನಾನೂ ಒಂದೇ," ಎಂದಳು ಬಾಗಿಲಲ್ಲಿದ್ದ ಅಕ್ಕ.

"ನಂದೂ ಒಂದೇ," ಎಂದ ಆಲ್ಬಮ್ಮಿನವನು.

ಮುಮ್ಮಡಿಯ ಮುಖ ಸುಣ್ಣ ಬಳಿದಂತಾಯಿತು. ನೆನಪಿಗೆ ಬಂದ ದೇವರನ್ನೆಲ್ಲ ಕರೆಯುತ್ತ ನೆಲದಲ್ಲಿ ತೆವಳಿ, ಗೋಡೆಯಲ್ಲಿ ಸಿಕ್ಕಸಿಕ್ಕಲ್ಲಿ ಮೂರನ್ನೂ ಸಿಕ್ಕಿಸಿದ. ಮದುಮಗಳು ಅದೇ ನಗುವಿನೊಂದಿಗೆ ಮರಳಿದಳು. ಅವನ ಕಣ್ಣು ತುಂಬಿತು.

ಮಾಲೀಕರು ಗಲ್ಲ ಕೆರೆದುಕೊಂಡರು. "ಮೂರೂ ಸತ್ರೂ ಫೋಟೋ ಬಂತಲ್ಲಯ್ಯ! ಮತ್ತೆ ಮೂರು ಯಾಕೆ ದಂಡಕ್ಕೆ?"

"ಸಾರ್, ಅವು ಕೆಟ್ಟಿರ್ಲಿಲ್ಲ, ಬರೀ ಕರೆಂಟು…"

"ಭಾವ, ಎರಡನ್ನ ನಿಮ್ಮಂಗಡಿಗೆ ಒಯ್ಯಿರಿ. ನೀನು ಕೇಳಯ್ಯ, ಉಳಿದಿರೋದು ಒಂದೇ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ. ಇನ್ನು ನೀನಿಲ್ದೆ ನಡೆಯಲ್ಲಪ್ಪ!"

ಸಂಜೆಗೆ ಎರಡೂ ಆಟೋ ಹತ್ತಿದವು. ಮುಮ್ಮಡಿ ಖಾಲಿ ಮೇಜನ್ನೇ ನೋಡುತ್ತ, ಮನೆಯಲ್ಲಿ ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ಕೂತಿದ್ದ. ಲೆಕ್ಕದ ಅಕ್ಕ ಸದ್ದಿಲ್ಲದೆ ಬಂದು, ವೈರು ನೀಟಾಗಿ ಸುತ್ತಿದ ಬೋರ್ಡನ್ನು ಅವನ ಕೈಯಲ್ಲಿಟ್ಟಳು.

"ತಗೋ ತಮ್ಮಾ, ನಿಂದು. ಚಳಿ ಬಿಡ್ತು."