ಹೆಂಡತಿಯ ಚಿತ್ರಕ್ಕೆ ನಾನು ಹಾಕಿದ ರೈಟು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅನುಕೂಲ ಬೇಕು. ಪಕ್ಕದ ಮನೆಯವರು ಕಾರು ತೆಗೆದುಕೊಂಡರೆ ನಮ್ಮ ಜಗಲಿಯಲ್ಲಿ ಕೂತು ಅದರ ಬಣ್ಣವನ್ನು ಹಳಿಯಬಹುದು. ಸಹೋದ್ಯೋಗಿಗೆ ಬಡ್ತಿ ಸಿಕ್ಕಿದರೆ ಅವನ ಯೋಗ್ಯತೆ ಎಷ್ಟೆಂದು ಊಟದ ಹೊತ್ತಿಗೆ ಹೇಳಬಹುದು. ಎರಡಕ್ಕೂ ಹೂಂಗುಟ್ಟಲು ಹೆಂಡತಿ ಇರುತ್ತಾಳೆ. ಆದರೆ ಹೊಟ್ಟೆಕಿಚ್ಚು ಹೆಂಡತಿಯ ಮೇಲೆಯೇ ಆದರೆ ಯಾರ ಹತ್ತಿರ ಹೇಳಿಕೊಳ್ಳುವುದು? ನನಗೆ ಆದದ್ದು ಅದೇ. ಅದೂ ಅವಳ ಚಂದಕ್ಕೋ ತವರಿನ ಆಸ್ತಿಗೋ ಅಲ್ಲ, ಒಂದು ರೆಕಾರ್ಡ್ ಪುಸ್ತಕಕ್ಕೆ.

ನಾನು ಕಾಸರಗೋಡಿನ ಹತ್ತಿರದ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಷ್ಟ್ರು. ಮನೆ ಮೊಗ್ರಾಲಿನಲ್ಲಿ. ಚಿತ್ರವೆಂದರೆ ಈ ಕಡೆಯವರಿಗೆ ನನ್ನ ನೆನಪಾಗುತ್ತದೆ ಎಂಬುದು ನನ್ನ ನಂಬಿಕೆ. ಕ್ಲಬ್ಬಿನ ಬೋರ್ಡು, ಮದುವೆ ಮಂಟಪದ ಥರ್ಮಕೋಲ್ ಅಕ್ಷರ, ಕಲೋತ್ಸವದ ಬ್ಯಾನರು ಎಲ್ಲ ನನ್ನದೇ. ಯಾರು ಸ್ಮರಣ ಸಂಚಿಕೆ ತಂದರೂ ಮುಖಪುಟ ನಾನೇ ಬಿಡಿಸಬೇಕು. ಒಂದು ದೀಪ, ಒಂದು ತೆರೆದ ಪುಸ್ತಕ, ಹಿಂದೆ ಮೇಲೇಳುತ್ತಿರುವ ಸೂರ್ಯ. ಶಾಲೆಯದ್ದಾದರೆ ಪುಸ್ತಕ ದೊಡ್ಡದು, ಸಹಕಾರಿ ಸಂಘದ್ದಾದರೆ ದೀಪ ದೊಡ್ಡದು. ಇಪ್ಪತ್ತು ವರ್ಷ ಆ ಸೂರ್ಯ ಒಂದೇ ಜಾಗದಲ್ಲಿ ಹುಟ್ಟಿದ, ಯಾರೂ ಬೇಡ ಅನ್ನಲಿಲ್ಲ. ಯಾರೂ ಕೇಳದೆ, ನನ್ನ ಖುಷಿಗೆಂದು ಒಂದು ಚಿತ್ರ ಬಿಡಿಸಿ ಎಷ್ಟು ಕಾಲವಾಯಿತು ಎಂದು ಮಾತ್ರ ನೀವು ಕೇಳಬಾರದು.

ನನ್ನ ಹೆಂಡತಿ ಸುಮತಿ ಶುರು ಮಾಡಿದ್ದು ಉಳಿತಾಯದ ಬುದ್ಧಿಯಿಂದ. ಮಗಳು ಪ್ಲಸ್ ಟು ಮುಗಿಸಿದಾಗ ಅವಳ ರೆಕಾರ್ಡ್ ಪುಸ್ತಕದಲ್ಲಿ ಬೇಕಾದಷ್ಟು ಪುಟ ಉಳಿದಿತ್ತು. ಒಂದು ಬದಿ ಗೆರೆ, ಇನ್ನೊಂದು ಬದಿ ಖಾಲಿ. ರದ್ದಿಗೆ ಹಾಕಲು ಇವಳಿಗೆ ಮನಸ್ಸಾಗಲಿಲ್ಲ. ನಮ್ಮದು ಕುಚ್ಚಿಲಕ್ಕಿ, ಒಲೆಯ ಮೇಲಿಟ್ಟರೆ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ಅಡುಗೆಮನೆಯ ಮಣೆಯ ಮೇಲೆ ಕೂತು, ಕಣ್ಣೆದುರು ಇದ್ದದ್ದನ್ನು ಖಾಲಿ ಬದಿಯಲ್ಲಿ ಬಿಡಿಸುವುದು, ಅನ್ನ ಬೆಂದ ಕೂಡಲೇ ನಿಲ್ಲಿಸುವುದು. ರಬ್ಬರ್ ಮುಟ್ಟುವಂತಿಲ್ಲ. ಎದುರಿನ ಗೆರೆಯ ಬದಿಯಲ್ಲಿ ಆವತ್ತಿನ ತಪ್ಪನ್ನು ಬರೆದಿಡುವುದು. "ಕೊಡಪಾನದ ಬಾಯಿ ಓರೆಯಾಯಿತು. ನಾಳೆ ಪುನಃ." ಇದು ಅವಳೇ ಮಾಡಿಕೊಂಡ ಕ್ರಮ.

"ನಿಮ್ಮ ಹತ್ತಿರ ಕಲಿಯುವ ಅಂತ ಇತ್ತು, ನಿಮಗೆ ಪುರುಸೊತ್ತು ಇಲ್ವಲ್ಲ" ಅಂದಳು.

"ಈಗ ನಿನಗೆಂತಕ್ಕೆ ಮಾರಾಯ್ತಿ ಚಿತ್ರ? ಅದೆಲ್ಲ ಹುಟ್ಟುವಾಗಲೇ ಬರಬೇಕು" ಅಂದೆ ನಾನು.

ಮೊದಲಿನ ಎರಡು ತಿಂಗಳು ನಾನು ಬಹಳ ಒಳ್ಳೆಯ ಗಂಡನಾಗಿದ್ದೆ. ಅವಳ ಕೊಡಪಾನ ಕೂತ ಕೋಳಿಯ ಹಾಗಿತ್ತು, ಬಾಳೆಗೊನೆ ಏನೆಂದೇ ತಿಳಿಯುತ್ತಿರಲಿಲ್ಲ. ಧಾರಾಳವಾಗಿ ಹೊಗಳಿದೆ. ಪೆನ್ಸಿಲ್ ಕೆತ್ತಿ ಕೊಟ್ಟೆ. ಬಂದವರಿಗೆಲ್ಲ ಕರೆದು ತೋರಿಸಿದೆ. ಅವರು ಒಳಗೊಳಗೇ ನಗುವುದು ಕಂಡು ನನಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕುತ್ತಿತ್ತು. ಎಂಟನೇ ತಿಂಗಳಿಗೆ ಆ ಪ್ರೀತಿ ಇಳಿಯಿತು. ಒಂದು ಬೆಳಿಗ್ಗೆ ಮೀನು ತರುವ ಮೊಯ್ದು ಮೆಟ್ಟಿಲ ಮೇಲಿದ್ದ ಪುಸ್ತಕ ನೋಡಿ, "ಅಕ್ಕಾ, ಇದು ನಾನು ಮೊನ್ನೆ ಕೊಟ್ಟ ಬಂಗುಡೆ ಅಲ್ವಾ? ಐಸಲ್ಲಿಟ್ಟದ್ದು. ಕಣ್ಣು ಒಳಗೆ ಹೋದದ್ದು ಕೂಡ ಬಂದಿದೆ ನೋಡಿ" ಅಂದ. ಆ ಮೀನನ್ನು ಅವನು ತಾಜಾ ಎಂದು ಆಣೆ ಹಾಕಿ ಕೊಟ್ಟಿದ್ದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ಸ್ಕೂಟರು ಹತ್ತಿದ. ಸುಮತಿ ನಕ್ಕಳು, ನನಗೆ ನಗು ಬರಲಿಲ್ಲ. ನನ್ನ ಸೂರ್ಯ ಇಪ್ಪತ್ತು ವರ್ಷದಲ್ಲಿ ಒಬ್ಬನ ಬಾಯಿಂದಲೂ ನಿಜ ಹೊರಡಿಸಿರಲಿಲ್ಲ.

ಇದು ಅನ್ನದ ಹೊತ್ತಿನ ಮಹಿಮೆ ಇರಬಹುದೆಂದು ನಾನೂ ಒಂದು ಭಾನುವಾರ, "ಇವತ್ತು ಅನ್ನ ನಾನು ನೋಡಿಕೊಳ್ತೇನೆ, ನೀನು ಬಟ್ಟೆ ಒಣಗಿಸು" ಅಂದೆ. ಒಂದು ಸೌಟನ್ನು ಎದುರಿಗಿಟ್ಟುಕೊಂಡೆ. ಹಿಡಿ ನೇರ ಬರಲೆಂದು ಸ್ಕೇಲು ತಂದೆ. ತಲೆ ಉರುಟಾಗಲೆಂದು ಕಂಪಾಸು ತಂದೆ. ಉಜ್ಜಿದೆ, ಪುನಃ ಎಳೆದೆ. ಅಷ್ಟರಲ್ಲಿ ಅನ್ನ ಗೋಡೆಗೆ ಪೋಸ್ಟರ್ ಅಂಟಿಸುವ ಹದಕ್ಕೆ ಬಂದಿತ್ತು. ಸುಮತಿ ಅದನ್ನು ಉಪ್ಪಿನಕಾಯಿ ಹಾಕಿಕೊಂಡು ಉಂಡಳು. ಕೊನೆಗೆ ನನ್ನ ಹಾಳೆ ನೋಡಿ, "ಸೌಟು ಚಂದ ಉಂಟು, ಅಂಗಡಿಯದ್ದರ ಹಾಗೆ" ಅಂದಳು. ಅವಳಿಗೆ ಕುಹಕ ಬರುವುದಿಲ್ಲ. ಹಾಗಾಗಿ ಅದು ಇನ್ನೂ ಹೆಚ್ಚು ಉರಿಯಿತು.

ಆ ವರ್ಷ ನಮ್ಮ ಶಾಲೆಯ ವಜ್ರಮಹೋತ್ಸವ. ಸ್ಮರಣ ಸಂಚಿಕೆಯ ಮುಖಪುಟದ ಬಗ್ಗೆ ಯಾರೂ ಮಾತೇ ಎತ್ತಿರಲಿಲ್ಲ, ಅದು ನನ್ನದೆಂದು ಎಲ್ಲರಿಗೂ ಗೊತ್ತಿತ್ತು. ಒಂದು ದಿನ ನಾನು ಕನ್ನಡಕ ಮರೆತು ಬಂದಿದ್ದೆ. ತಂದುಕೊಡಲು ಬಂದ ಸುಮತಿ, ನನ್ನ ಪೀರಿಯಡು ಮುಗಿಯುವವರೆಗೆ ಕಂಪ್ಯೂಟರ್ ರೂಮಿನ ಎದುರು ಕೂತಳು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಆ ರೂಮಿಗೆ ಹೋಗಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಬಾಗಿಲಲ್ಲಿ ಬಿದ್ದಿದ್ದ ಆ ಚಪ್ಪಲಿಗಳನ್ನೇ ಇವಳು ಚೀಲದಲ್ಲಿದ್ದ ರೆಕಾರ್ಡ್ ಪುಸ್ತಕ ತೆಗೆದು ಬಿಡಿಸಿದಳು. ಒಂದರ ಬಾರಿಗೆ ಪಿನ್ನು, ಒಂದರ ಹಿಮ್ಮಡಿ ಸವೆದು ತೂತು, ಒಂದು ಜೋಡಿ ಮಾತ್ರ ಹೊಸತು, ಗೋಡೆಗೆ ಒತ್ತಿ ಜಾಗ್ರತೆಯಿಂದ ಇಟ್ಟದ್ದು. ಆ ದಾರಿಯಲ್ಲಿ ಬಂದ ಹೆಡ್ಮಾಷ್ಟ್ರು ಪುಸ್ತಕವನ್ನೇ ಕೇಳಿ ಪಡೆದು ಸೀದಾ ನನ್ನ ಮೇಜಿಗೆ ತಂದರು.

"ಮಾಷ್ಟ್ರೆ, ಈ ಸಲ ಇದನ್ನೇ ಮುಖಪುಟಕ್ಕೆ ಹಾಕಿದರೆ ಹೇಗೆ? ಪ್ರಿಂಟಿಗೆ ಆಗ್ತದಾ ಇಲ್ಲವಾ ನೀವೇ ನೋಡಿ ಹೇಳಿ. ನಿಮಗಿಂತ ಹೆಚ್ಚು ನಮಗೆಂತ ಗೊತ್ತುಂಟು?"

ಆಗುವುದಿಲ್ಲ ಎಂದು ಹೇಳುವುದು ಆ ಕ್ಷಣವೇ ತೀರ್ಮಾನವಾಗಿತ್ತು. ಕಾರಣ ಹುಡುಕುವುದಷ್ಟೇ ಬಾಕಿ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಂಟನೇ ಕ್ಲಾಸಿನ ಡ್ರಾಯಿಂಗ್ ಪುಸ್ತಕಗಳ ರಾಶಿಯ ಜೊತೆಗೆ ಅದನ್ನೂ ಇಟ್ಟುಕೊಂಡೆ. ಒಂದೊಂದೇ ತೆರೆದೆ, ಕೆಂಪು ಪೆನ್ನಿನಲ್ಲಿ ರೈಟು ಹಾಕಿದೆ, ಸಹಿ ಹಾಕಿದೆ, ಮುಚ್ಚಿದೆ. ಇಷ್ಟು ವರ್ಷದ ಅಭ್ಯಾಸ, ಅದಕ್ಕೆ ತಲೆ ಬೇಕಾಗುವುದಿಲ್ಲ. ನನ್ನ ತಲೆ ಬೇರೆಯೇ ಕಡೆ ಇತ್ತು. ನೆರಳು ಸರಿಯಿಲ್ಲ ಅನ್ನಬೇಕೋ, ಮುಖಪುಟಕ್ಕೆ ಚಪ್ಪಲಿ ಅಮಂಗಳ ಅನ್ನಬೇಕೋ ಎಂದು ಯೋಚಿಸುತ್ತಿದ್ದೆ. ಸಹಿಯ ಮೊದಲ ಅಕ್ಷರಕ್ಕೆ ಪೆನ್ನು ಊರುವಾಗ ಕೆಳಗೆ ನೋಡಿದರೆ ಸುಮತಿಯ ಚಪ್ಪಲಿಗಳು. ಅವುಗಳ ಮೇಲೆ ಈ ಮೂಲೆಯಿಂದ ಆ ಮೂಲೆಗೆ ನನ್ನ ಕೆಂಪು ರೈಟು. ಮಕ್ಕಳ ಪುಸ್ತಕದಲ್ಲಿ ಅದು ಮೂಲೆಯಲ್ಲಿ ಕಡಲೆಯಷ್ಟು ಇರುತ್ತದೆ. ಅಷ್ಟು ದೊಡ್ಡದನ್ನು ನಾನು ಯಾವತ್ತೂ ಹಾಕಿದವನಲ್ಲ.

ಸಂಜೆ ಪುಸ್ತಕ ನೋಡಿ ಸುಮತಿಯ ಮುಖ ಸಣ್ಣದಾಯಿತು. "ನಿಮಗೆ ಹೊಟ್ಟೆಕಿಚ್ಚು ಉಂಟೂಂತ ಗೊತ್ತಿತ್ತು. ಹಾಳು ಮಾಡುವಷ್ಟು ಉಂಟೂಂತ ಗೊತ್ತಿರಲಿಲ್ಲ" ಅಂದಳು. ಮಗಳ ಮೇಲೆ ಆಣೆ ಹಾಕಿದೆ. ಹೊಟ್ಟೆಕಿಚ್ಚು ನಿಜ, ಆದರೆ ಈ ರೈಟು ಹಾಕಿದ್ದು ಕೈ, ನಾನಲ್ಲ ಅಂದೆ. ಹೀಗೆ ಹೇಳಿದರೆ ಯಾರು ನಂಬುತ್ತಾರೆ? ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ಕೋಪದಲ್ಲಿ ಹಾಕಿದ್ದಲ್ಲ ಇದು. ಎಲ್ಲಿಯೂ ನಡುಗಿಲ್ಲ. ಇಷ್ಟು ಒಳ್ಳೆ ಗೆರೆ ನೀವು ಎಳೆದದ್ದು ನಾನು ಕಂಡೇ ಇಲ್ಲ" ಅಂದಳು. ಹೆಂಡತಿಯಿಂದ ನನಗೆ ಸಿಕ್ಕಿದ ಮೊದಲ ಪ್ರಮಾಣಪತ್ರ ಅದು. ಸಿಕ್ಕಿದ್ದು ಒಂದು ತಪ್ಪಿಗೆ.

ಪುನಃ ಬಿಡಿಸಲು ಸಮಯವಿರಲಿಲ್ಲ. ಹೆಡ್ಮಾಷ್ಟ್ರು ಆ ರೈಟನ್ನೇ ನನ್ನ ಒಪ್ಪಿಗೆ ಎಂದುಕೊಂಡು ಹಾಗೆಯೇ ಪ್ರೆಸ್ಸಿಗೆ ಕಳಿಸಿದರು. ಬಿಡುಗಡೆಯ ದಿನ ಎಲ್ಲರ ಕೈಯಲ್ಲಿ ಪೆನ್ಸಿಲಿನ ಚಪ್ಪಲಿಗಳು, ಮೇಲೆ ಉದ್ದಕ್ಕೆ ಕೆಂಪು ರೈಟು. ಪಿ.ಟಿ.ಎ. ಅಧ್ಯಕ್ಷರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಚಿತ್ರ ಒಳ್ಳೆದುಂಟು. ಆದರೆ ಈ ರೈಟು ಉಂಟಲ್ಲ, ಅದು ಸಂಗತಿ. ಪ್ರತಿಯೊಂದು ಮಗುವೂ ಸರಿ ಅಂತ ಶಾಲೆಯೇ ಹೇಳಿದ ಹಾಗೆ. ಯಾರ ತಲೆಯಲ್ಲಿ ಬಂತು ಇದು?"

"ನನ್ನದೇ" ಎಂಬ ಮಾತು ಅವರ ಪ್ರಶ್ನೆ ಮುಗಿಯುವ ಮೊದಲೇ ನನ್ನ ಬಾಯಿಂದ ಬಿದ್ದಿತ್ತು. ಹೇಳಿದ ಮೇಲೆ ನೋಡಿದರೆ ಸುಮತಿ ಪಕ್ಕದಲ್ಲೇ ನಿಂತಿದ್ದಳು. ಅವಳು ಒಂದೇ ಮಾತು ಹೇಳಿದ್ದರೆ ಇಡೀ ಶಾಲೆ ಇವತ್ತಿಗೂ ನಗುತ್ತಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಖಂಡಿತ ಹೇಳುತ್ತಿದ್ದೆ, ಮೈಕಿನಲ್ಲಿ ಹೇಳುತ್ತಿದ್ದೆ.

"ಹೌದು, ಅದು ಇವರದ್ದೇ" ಅಂದಳು ಸುಮತಿ. "ಅದಿಲ್ಲದಿದ್ದರೆ ನನ್ನದು ಬರೀ ಚಪ್ಪಲಿ."

ಅಧ್ಯಕ್ಷರು ನನ್ನ ಕೈ ಕುಲುಕಿದರು. ನಾನು ನಕ್ಕೆ. ಇಂಥ ಮಾತು ನನಗೆ ಬರುವುದಿಲ್ಲವಲ್ಲ, ಅದೂ ಇವಳಿಗೇ ಬರಬೇಕೇ ಎಂದು ಒಳಗೆ ಪುನಃ ಹೊಟ್ಟೆ ಉರಿಯತೊಡಗಿತ್ತು.