ಸಾಹೇಬರ ತೊಟ್ಟಿಯ ಹಸಿರು ನೀರು

ತೊಟ್ಟಿಯ ನೀರು ಪಾಲಕ್ ಸಾರಿನ ಹಾಗೆ ಹಸಿರಾಗಿತ್ತು. ಬಣ್ಣದ ಮೀನುಗಳೆಲ್ಲ ಬೆಳಗಾಗುವಷ್ಟರಲ್ಲಿ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನೋಡಿದ ಧನಂಜಯನೂ ಬಾಯಿ ಬಿಟ್ಟ.

ಮೀನು ಅವನದಲ್ಲ, ಬ್ಯಾಂಕ್ ಮ್ಯಾನೇಜರ್ ಸೂರ್ಯಪ್ರಕಾಶರದು. ಹೆಂಡತಿಯೊಡನೆ ಸಿಂಹಾಚಲದ ದೇವರ ದರ್ಶನಕ್ಕೆ ಹೊರಟವರು, ಮೇಲಿನ ಮನೆಯಲ್ಲಿದ್ದ ತಮ್ಮ ಬ್ಯಾಂಕಿನ ಗುಮಾಸ್ತ ಧನಂಜಯನಿಗೆ ತೊಟ್ಟಿ ಒಪ್ಪಿಸಿ, "ಭಾನುವಾರ ಸಂಜೆ ಬಂದು ನಿಮ್ಮ ಟ್ರಾನ್ಸ್‌ಫರ್ ವಿಷಯ ನೋಡೋಣ" ಎಂದಿದ್ದರು. ವಿಜಯವಾಡದ ಸೆಕೆಯಲ್ಲಿ ಒಬ್ಬನೇ ಬೇಯುತ್ತಿದ್ದ ಅವನಿಗೆ, ತಿಪಟೂರಿನಲ್ಲಿದ್ದ ಹೆಂಡತಿ ಕಮಲಾಕ್ಷಿಯನ್ನು ಸೇರಲು ಸಾಹೇಬರ ಶಿಫಾರಸೊಂದೇ ದಾರಿ. ಮೀನು ಸತ್ತರೆ ಅದೂ ಸತ್ತಂತೆ.

"ಅಯ್ಯೋ, ಹಸಿದಿವೆ ಬಾಬು!" ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮ, ಅವನು ಬೇಡವೆನ್ನುವಷ್ಟರಲ್ಲಿ, ಹಿಂದಿನ ದಿನದ ಹುಳಿಯನ್ನ, ಅವರ ಪುಳಿಹೋರವನ್ನು, ತೊಟ್ಟಿಗೆ ಸುರಿದೇಬಿಟ್ಟರು. ಅನ್ನ ತಳ ಸೇರಿತು. ಮೀನು ಮೂಸಿಯೂ ನೋಡಲಿಲ್ಲ.

ಎದುರು ಮನೆಯ ನಿವೃತ್ತ ಮೇಷ್ಟ್ರು ಫಣೀಂದ್ರ ಇಲ್ಲೇ ಬೇರೂರಿ, ಮಾತಿಗೊಂದು ತೆಲುಗಿನ 'ಅಂಡಿ' ಸೇರಿಸುವ ಕನ್ನಡದವರು. "ಊಟ ಅಲ್ಲಮ್ಮಾ, ಆಮ್ಲಜನಕ ಸಾಲದು. ಗಿಡ ಹಾಕಬೇಕಂಡಿ!" ಎಂದವರೇ, ಧನಂಜಯನ ಸ್ಕೂಟರ್ ಹತ್ತಿ ಕಾಲುವೆಗೆ ಹೋಗಿ, ಅಂತರಗಂಗೆ ತಂದು ತೊಟ್ಟಿಯನ್ನು ಪೂರ್ತಿ ಮುಚ್ಚಿಸಿದರು.

"ಸಾರ್, ಮೀನಿಗೆ ಬಾಯಿ ಬಿಡೋಕೂ ಜಾಗ ಇಲ್ಲ."

"ಗಿಡ ಅಂದ್ರೆ ಗಾಳಿ ಅಂಡಿ."

"ಗಾಳಿ ಎಲೆ ಮೇಲಿದೆ ಸಾರ್, ಮೀನು ಕೆಳಗಿದೆ!"

ಮಧ್ಯಾಹ್ನ ಒಂದು ಮೀನು ಮಗ್ಗುಲಾಯಿತು. ಧನಂಜಯನಿಗೆ ಅಳುವೇ ಬಂತು. ಮೊಬೈಲಿನಲ್ಲಿ ಹುಡುಕಿ ಓದಿದ: ಪಾಚಿ ಹಗಲು ಕೊಟ್ಟ ಆಮ್ಲಜನಕವನ್ನು ರಾತ್ರಿ ತಾನೇ ಎಳೆದುಕೊಳ್ಳುತ್ತದೆ, ಕೊಳೆಯುವ ಅನ್ನ ಉಳಿದದ್ದನ್ನೂ ಮುಗಿಸುತ್ತದೆ, ಮೇಲೆ ಎಲೆ ಮುಚ್ಚಿದರೆ ಹೊರಗಿನ ಗಾಳಿಯೂ ನೀರು ಸೇರದು. ಅಂದರೆ ನೆರೆಹೊರೆಯವರು ಉಪಕಾರದಲ್ಲಿ ಒಂದನ್ನೂ ಬಾಕಿ ಇಟ್ಟಿರಲಿಲ್ಲ.

ಅಂತರಗಂಗೆ ಕಿತ್ತೆಸೆದ. ಅನ್ನ ಬಾಚಿದ. ಹಸಿರು ನೀರನ್ನು ಅಷ್ಟಷ್ಟೇ ಮೊಗೆದು ಚೆಲ್ಲಿ, ಬಾವಿಯ ನೀರು ಸೇದಿ ತಂದು ಎತ್ತರದಿಂದ ಸುರಿದ. ಸಂಜೆಯವರೆಗೂ ಸುರಿದ. ಮಗ್ಗುಲಾಗಿದ್ದ ಮೀನು ನೆಟ್ಟಗಾಯಿತು, ಅವನ ಸೊಂಟ ಆಗಲಿಲ್ಲ.

ಹೇಳಿದಂತೆ ಆ ಭಾನುವಾರ ಸಂಜೆಯೇ ಸಾಹೇಬರು ಬಂದರು. ಅವರ ಹೆಂಡತಿ ಕನಕದುರ್ಗ ತೊಟ್ಟಿ ನೋಡಿ ಹಿಗ್ಗಿದರು. "ನಮ್ಮ ತಮ್ಮ ಕೊಟ್ಟ ಮೀನು, ಎಷ್ಟು ಚುರುಕಾಗಿವೆ! ಏಮಂಡಿ, ಇವರನ್ನ ಎಲ್ಲಿಗೂ ಕಳಿಸಬೇಡಿ," ಎಂದು ಗಂಡನಿಗೆ ಹೇಳಿ ಪ್ರಸಾದ ತರಲು ಒಳಗೆ ಹೋದರು.

ಸಾಹೇಬರ ಮುಖ ಮಾತ್ರ ಹುಳ್ಳಗಾಗಿತ್ತು. "ಏನ್ರೀ ಧನಂಜಯ, ಹೀಗೆ ಮಾಡಿಬಿಟ್ರಿ? ನೀರು ಬದಲಾಯಿಸಿ ಬದಲಾಯಿಸಿ ನನ್ನ ಬೆನ್ನು ಬಿದ್ದುಹೋಗಿತ್ತು. ಕೈಯಾರೆ ಕೊಲ್ಲೋಕೆ ದೇವರ ಭಯ, ಬೇರೆಯವರಿಗೆ ಕೊಡೋಕೆ ಹೆಂಡತಿ ಭಯ. ನಿಮ್ಮ ಕೈಗೆ ಕೊಟ್ಟ ತುಳಸಿಯೂ ಒಣಗುತ್ತೆ ಅಂತ ಆಫೀಸಲ್ಲೆಲ್ಲ ಹೇಳ್ತಾರೆ. ಅಷ್ಟು ನಂಬಿ ಒಪ್ಪಿಸಿದ್ದೆ!"

"ಸಾರ್, ನನ್ನ ಟ್ರಾನ್ಸ್‌ಫರ್..."

"ಮನೆಯವರ ಮಾತು ಕೇಳಿಸಲಿಲ್ವೇ? ಇನ್ನು ಪ್ರತಿ ಭಾನುವಾರ ನೀರು ನಿಮ್ಮದೇ."

ಆಗಲೇ ಕಮಲಾಕ್ಷಿಯ ಫೋನು ಬಂತು. "ಏನಾಯ್ತು ರೀ? ಮೀನೇನಾದ್ರೂ ಸತ್ತುಹೋದ್ವಾ?"

ಧನಂಜಯ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತ.

"ಇಲ್ಲ ಕಣೇ, ಎಲ್ಲಾ ಬದುಕಿವೆ. ಅದೇ ಆಗಿರೋ ಅನಾಹುತ."